ಗುಜರಿ ಲೋಹದ ಎರಡನೇ ಹಂತದ ಪುಡಿಗೆ ಇಂಪ್ಯಾಕ್ಟ್ ಕ್ರಷರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ನಂಜನಗೂಡು ಮತ್ತು ಮಂಡ್ಯದ ತೂಬಿನಕೆರೆ ಕಡೆಯ ಗುಜರಿ ವ್ಯಾಪಾರಿಗಳು, ಫೌಂಡ್ರಿಯವರು ಹಾಗೂ ಹೊಸದಾಗಿ ಮರುಬಳಕೆ ಘಟಕ ಹಾಕಲು ಹೊರಟವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಆದಷ್ಟೂ ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ನಿಮ್ಮ ಯಂತ್ರದ ತಯಾರಕರ ಕೈಪಿಡಿ ಇಲ್ಲಿ ಹೇಳಿರುವುದಕ್ಕಿಂತ ಬೇರೆ ಅಂಕಿ ಕೊಟ್ಟಿದ್ದರೆ ಕೈಪಿಡಿಯ ಮಾತನ್ನೇ ಪಾಲಿಸಬೇಕು.

## ಮೊದಲು ತಿಳಿಯಬೇಕಾದದ್ದು

ನಮ್ಮಲ್ಲಿ ಆಗಲೇ ಶ್ರೆಡರ್ ಇದೆ. ಮತ್ತೆ ಇನ್ನೊಂದು ಮೆಷಿನ್ ಯಾಕೆ ಬೇಕು?

ಮೊದಲ ಹಂತದ ಶ್ರೆಡರ್, ಶಿಯರ್ (ಲೋಹ ಕತ್ತರಿಸುವ ಯಂತ್ರ) ಅಥವಾ ಗ್ಯಾಸ್ ಕಟರ್‌ನ ಕೆಲಸ ದೊಡ್ಡ ಮಾಲನ್ನು ಎತ್ತಲು, ಸಾಗಿಸಲು ಬರುವ ತುಂಡುಗಳನ್ನಾಗಿ ಮಾಡುವುದು. ಅಲ್ಲಿಂದ ಹೊರಬಂದ ಒಂದು ಅಡಿ ಉದ್ದದ ತುಂಡನ್ನು ಕೈಗೆತ್ತಿಕೊಂಡು ನೋಡಿದರೆ ಅದರಲ್ಲಿ ಮಡಚಿಹೋದ ಉಕ್ಕಿನ ತಗಡು, ಅದಕ್ಕೆ ಬೋಲ್ಟಿನಿಂದ ಕಚ್ಚಿಕೊಂಡ ಅಲ್ಯೂಮಿನಿಯಂ ಬ್ರಾಕೆಟ್, ನಡುವೆ ಸಿಕ್ಕಿಕೊಂಡ ರಬ್ಬರ್ ಬುಷ್ ಎಲ್ಲವೂ ಒಟ್ಟಿಗೇ ಇರುತ್ತವೆ. ಮ್ಯಾಗ್ನೆಟ್ ಆ ತುಂಡನ್ನು ಇಡಿಯಾಗಿ ಉಕ್ಕಿನ ರಾಶಿಗೆ ಎಳೆದು ಹಾಕುತ್ತದೆ. ಅಲ್ಯೂಮಿನಿಯಂ ಉಕ್ಕಿನ ದರಕ್ಕೆ ಹೋಗುತ್ತದೆ, ಉಕ್ಕು ಕೊಂಡ ಫೌಂಡ್ರಿಯವರು ಕಸ ಬಂದಿದೆ ಎಂದು ತೂಕ ಕಡಿಯುತ್ತಾರೆ. ಎರಡು ಕಡೆಯಿಂದಲೂ ನಷ್ಟ.

ಎರಡನೇ ಹಂತದ ಯಂತ್ರ, ಅಂದರೆ ಮಾಲನ್ನು ಪೆಟ್ಟಿನಿಂದ ಒಡೆಯುವ ಇಂಪ್ಯಾಕ್ಟ್ ಕ್ರಷರ್, ಇರುವುದು ಈ ಕಚ್ಚಿಕೊಂಡ ಲೋಹಗಳನ್ನು ಬಿಡಿಸಲು. ಬಿಡಿಸಲು ಎಷ್ಟು ಬೇಕೋ ಅಷ್ಟೇ ಸಣ್ಣ ಮಾಡಬೇಕು. ಅದರಾಚೆಗೆ ಸಣ್ಣ ಮಾಡಿದಷ್ಟೂ ವಿದ್ಯುತ್ತಿನಲ್ಲಿ, ಹ್ಯಾಮರ್ ಸವಕಳಿಯಲ್ಲಿ, ಧೂಳಾಗಿ ಹಾರಿಹೋಗುವ ಲೋಹದಲ್ಲಿ ದುಡ್ಡು ತೆರುತ್ತಲೇ ಹೋಗುತ್ತೀರಿ. ಕೆಳಗಿನ ಬಹುಪಾಲು ಉತ್ತರಗಳು ಈ ಒಂದೇ ಮಾತಿಗೆ ಬಂದು ನಿಲ್ಲುತ್ತವೆ.

ಸಾಂದ್ರತೆ ಹೆಚ್ಚುವುದು ಇನ್ನೊಂದು ಲಾಭ. ಗುಜರಿ ವ್ಯಾಪಾರದಲ್ಲಿ ಚಾಲ್ತಿಯಲ್ಲಿರುವ ಐಎಸ್‌ಆರ್‌ಐ (ಅಮೆರಿಕದ ಗುಜರಿ ಉದ್ಯಮ ಸಂಘ) ದರ್ಜೆಗಳ ಪ್ರಕಾರ ಶ್ರೆಡ್ ಮಾಡಿದ ಉಕ್ಕಿನ 210ನೇ ದರ್ಜೆಗೆ ಘನ ಅಡಿಗೆ ಸರಾಸರಿ 50 ಪೌಂಡ್, 211ನೇ ದರ್ಜೆಗೆ 70 ಪೌಂಡ್ ತೂಗಬೇಕು. ನಮ್ಮ ಲೆಕ್ಕದಲ್ಲಿ ಘನ ಮೀಟರಿಗೆ ಸುಮಾರು 800 ಮತ್ತು 1120 ಕಿಲೋ. ಅದೇ ಲಾರಿಯಲ್ಲಿ ಹೆಚ್ಚು ತೂಕ ಹೋಗುತ್ತದೆ, ಕುಲುಮೆಗೆ ಕಡಿಮೆ ಸಲ ಮಾಲು ತುಂಬಿದರೆ ಸಾಕಾಗುತ್ತದೆ.

ಇಂಪ್ಯಾಕ್ಟ್ ಕ್ರಷರ್ ಅಂದ್ರೂ ಹ್ಯಾಮರ್ ಮಿಲ್ ಅಂದ್ರೂ ಒಂದೇ ಅಲ್ವಾ?

ಒಂದೇ ಕುಲ, ಬೇರೆ ಬೇರೆ ಮನೆ. ವೇಗವಾಗಿ ತಿರುಗುವ ರೋಟರ್ ಮಾಲಿಗೆ ಹೊಡೆದು, ಅದನ್ನು ಗಟ್ಟಿ ತಟ್ಟೆಗೆ ಅಪ್ಪಳಿಸಿ ಒಡೆಯುವ ಯಂತ್ರಗಳೆಲ್ಲ ಇಂಪ್ಯಾಕ್ಟ್ ಕ್ರಷರ್‌ಗಳೇ. ರೋಟರಿಗೆ ದಪ್ಪ ಪಟ್ಟಿಗಳನ್ನು ಬಿಗಿದು ಕೂರಿಸಿ, ಕೆಳಗೆ ಜಾಲರಿ ಇಲ್ಲದೆ ಬಿಟ್ಟಿದ್ದರೆ ಅದು ಕಲ್ಲು ಕ್ವಾರಿಯವರು ಬಳಸುವ ಮಾದರಿ. ಪಿನ್ನಿಗೆ ತೂಗುಹಾಕಿದ, ಗಟ್ಟಿ ವಸ್ತು ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುವ ಹ್ಯಾಮರ್‌ಗಳಿದ್ದು, ಕೆಳಗೆ ಜಾಲರಿ ಇದ್ದರೆ ಅದು ಹ್ಯಾಮರ್ ಮಿಲ್. ಹ್ಯಾಮರಿನ ಬದಲು ಉಕ್ಕಿನ ಉಂಗುರಗಳಿದ್ದರೆ ರಿಂಗ್ ಮಿಲ್. ಶಾಫ್ಟ್ ನೆಟ್ಟಗೆ ನಿಂತಿದ್ದು ಮಾಲು ಮೇಲಿನಿಂದ ಸುತ್ತುತ್ತ ಇಳಿಯುವಂತಿದ್ದರೆ ವರ್ಟಿಕಲ್ ಮಿಲ್. ಮಂಡ್ಯದ ಸಕ್ಕರೆ ಕಾರ್ಖಾನೆಗಳಲ್ಲಿ ದುಡಿದವರಿಗೆ ಇದು ಹೊಸದಲ್ಲ: ಕಬ್ಬು ಗಾಣಕ್ಕೆ ಹೋಗುವ ಮೊದಲು ಅದನ್ನು ನಾರುನಾರು ಮಾಡುವ ಶ್ರೆಡರ್‌ನಲ್ಲಿಯೂ ತೂಗುಹ್ಯಾಮರ್‌ಗಳೇ ಇವೆ.

ಗುಜರಿಯಲ್ಲಿ ಎರಡನೇ ಹಂತಕ್ಕೆ ಹೆಚ್ಚಾಗಿ ಒಗ್ಗುವುದು ಜಾಲರಿ ಇರುವ ಹ್ಯಾಮರ್ ಮಿಲ್.

ಬೇಬಿ ಬೆಟ್ಟದ ಕಡೆ ಕಲ್ಲು ಕ್ರಷರ್ ನೋಡಿದೀನಿ. ಸೆಕೆಂಡ್ ಹ್ಯಾಂಡ್ ಸಿಕ್ರೆ ಅದನ್ನೇ ಗುಜರಿಗೆ ಹಾಕ್ಬೋದಾ?

ಬೇಡ. ಕಲ್ಲು ಭಿದುರ ವಸ್ತು. ಪೆಟ್ಟು ಬಿದ್ದರೆ ಬಿರುಕು ತಾನೇ ಹರಿದು ತುಂಡಾಗುತ್ತದೆ. ಉಕ್ಕಿನ ತಗಡಿಗೆ ಅದೇ ಪೆಟ್ಟು ಕೊಟ್ಟರೆ ಅದು ಬಾಗುತ್ತದೆ, ಮಡಚಿಕೊಳ್ಳುತ್ತದೆ, ರೋಟರಿಗೆ ಸುತ್ತಿಕೊಳ್ಳುತ್ತದೆ. ಕಲ್ಲಿನ ಯಂತ್ರದ ಪಟ್ಟಿಗಳು ಹಿಂದೆ ಸರಿಯುವುದಿಲ್ಲ; ಹಾಗಾಗಿ ಒಡೆಯದ ಒಂದು ಶಾಫ್ಟ್ ತುಂಡು ಸಿಕ್ಕಿದರೆ ಪೆಟ್ಟೆಲ್ಲ ರೋಟರ್ ಮತ್ತು ಬೇರಿಂಗಿಗೆ ಹೋಗುತ್ತದೆ. ಕ್ವಾರಿಗಳಲ್ಲಿ ಬಳಕೆಯಲ್ಲಿರುವ ಹೈ ಕ್ರೋಮ್ ಪಟ್ಟಿಗಳು ಸವಕಳಿಗೆ ಗಟ್ಟಿಯಾದರೂ ಉಕ್ಕಿನ ಪೆಟ್ಟಿಗೆ ಸಿಡಿಯುತ್ತವೆ. ಬೀಡು (ಎರಕದ ಕಬ್ಬಿಣ) ಮತ್ತು ಉಕ್ಕಿನ ಕಾರ್ಖಾನೆಯ ಕಿಟ್ಟ (ಸ್ಲ್ಯಾಗ್) ಒಡೆಯುವುದಷ್ಟೇ ನಿಮ್ಮ ಕೆಲಸವಾಗಿದ್ದರೆ, ಅದೂ ಮುಂಚೆಯೇ ಮ್ಯಾಗ್ನೆಟ್ ಇಟ್ಟು ಉಕ್ಕಿನ ಗಟ್ಟಿಗಳನ್ನು ತೆಗೆದ ಮೇಲೆ, ಕಲ್ಲಿನ ಇಂಪ್ಯಾಕ್ಟರ್ ಬಗ್ಗೆ ಯೋಚಿಸಬಹುದು.

ಯಾವ ಮಾಲು ಚೆನ್ನಾಗಿ ಒಡೆಯುತ್ತೆ, ಯಾವುದು ಒಡೆಯಲ್ಲ?

ಬೀಡು, ಎರಕದ ಅಲ್ಯೂಮಿನಿಯಂ, ಸತುವಿನ ಡೈಕಾಸ್ಟ್ ಭಾಗಗಳು ಪೆಟ್ಟಿಗೆ ಸುಲಭವಾಗಿ ತುಂಡಾಗುತ್ತವೆ. ತೆಳು ಉಕ್ಕಿನ ತಗಡು ಹರಿಯುತ್ತದೆ, ಉಂಡೆಯಾಗುತ್ತದೆ. ಗೃಹೋಪಯೋಗಿ ಯಂತ್ರಗಳು, ವಾಹನದ ಬಿಡಿಭಾಗಗಳು, ಲೇತ್‌ನಿಂದ ಬರುವ ಸುರುಳಿ ಚೂರು (ಟರ್ನಿಂಗ್) ಎರಡನೇ ಹಂತಕ್ಕೆ ಒಳ್ಳೆಯ ಮಾಲು. ದಪ್ಪ ಶಾಫ್ಟ್, ರೈಲು ಕಂಬಿ, ಸ್ಪ್ರಿಂಗ್ ಎಲೆ, ದಪ್ಪ ಪ್ಲೇಟು ಇವುಗಳನ್ನು ಇಂಪ್ಯಾಕ್ಟ್ ಯಂತ್ರಕ್ಕೆ ಹಾಕುವುದು ಹ್ಯಾಮರ್ ಹಾಳು ಮಾಡಿಕೊಳ್ಳುವ ದಾರಿ; ಅವಕ್ಕೆ ಶಿಯರ್ ಇದೆ.

ತಾಮ್ರದ ವೈರ್?

ಇದಕ್ಕೆ ಈ ಯಂತ್ರವಲ್ಲ. ತಾಮ್ರ ಮೆದು, ಪೆಟ್ಟಿಗೆ ಚಪ್ಪಟೆಯಾಗಿ ಪ್ಲಾಸ್ಟಿಕ್ಕನ್ನು ಒಳಗೇ ಒತ್ತಿಕೊಳ್ಳುತ್ತದೆ. ಕೇಬಲ್ಲಿಗೆ ಬ್ಲೇಡಿನಿಂದ ಕತ್ತರಿಸುವ ಗ್ರ್ಯಾನ್ಯುಲೇಟರ್ ಸರಿ.

## ಕೊಳ್ಳುವ ಮೊದಲು

ಎಷ್ಟು ಎಚ್‌ಪಿ ಮೋಟಾರ್ ಹಾಕ್ಬೇಕು? ಸೆಸ್ಕ್‌ನವ್ರಿಗೆ (ಕರೆಂಟ್ ಕಂಪನಿಯವ್ರಿಗೆ) ಎಷ್ಟು ಲೋಡ್ ಕೇಳ್ಬೇಕು?

ಮೋಟಾರಿನ ಗಾತ್ರವನ್ನು ಗಂಟೆಗೆ ಎಷ್ಟು ಟನ್ ಎಂಬುದರ ಮೇಲಷ್ಟೇ ನಿಗದಿ ಮಾಡಬೇಡಿ. ಮಾಲು ಯಾವುದು, ಜಾಲರಿ ಎಷ್ಟು ಎಂಬುದರ ಮೇಲೆ ಅದೇ ಯಂತ್ರದ ಉತ್ಪಾದನೆ ಎರಡು ಮೂರು ಪಟ್ಟು ಏರುಪೇರಾಗುತ್ತದೆ. ಮಾರಾಟಗಾರರು ಹೇಳುವ ಟನ್ ಲೆಕ್ಕ ಯಾವ ಮಾಲಿನದು ಎಂದು ಕೇಳಿ, ಸಾಧ್ಯವಾದರೆ ನಿಮ್ಮದೇ ಮಾಲನ್ನು ಒಂದು ಲೋಡ್ ಒಯ್ದು ಅವರ ಯಂತ್ರದಲ್ಲಿ ಓಡಿಸಿ ನೋಡಿ. ಲೆಕ್ಕ ಹಾಕುವ ರೀತಿ ಹೀಗೆ: 75 ಕಿಲೋವ್ಯಾಟ್, ಅಂದರೆ ಸುಮಾರು 100 ಎಚ್‌ಪಿ ಮೋಟಾರ್ ಸರಾಸರಿ 60 ಕಿಲೋವ್ಯಾಟ್ ಎಳೆಯುತ್ತ ಗಂಟೆಗೆ 2 ಟನ್ ಮಾಲು ಕೊಟ್ಟರೆ ಟನ್ನಿಗೆ 30 ಯೂನಿಟ್ ಆಯಿತು. ಅದೇ ಯಂತ್ರಕ್ಕೆ ಸಣ್ಣ ಜಾಲರಿ ಹಾಕಿದಾಗ ಗಂಟೆಗೆ 1 ಟನ್ ಮಾತ್ರ ಬಂದರೆ 60 ಯೂನಿಟ್. ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ ನೋಡಿ.

ಭಾರವಾದ ರೋಟರ್ ಪೂರ್ಣ ವೇಗಕ್ಕೆ ಬರಲು ಹೊತ್ತು ಹಿಡಿಯುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ನೇರವಾಗಿ ಸ್ಟಾರ್ಟ್ ಮಾಡಿದರೆ ಮೋಟಾರ್ ಸಾಮಾನ್ಯ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಕರೆಂಟ್ ಇಳಿಯುತ್ತದೆ, ಆದರೆ ತಿರುಗುಬಲವೂ ಮೂರನೇ ಒಂದು ಭಾಗಕ್ಕೆ ಇಳಿಯುವುದರಿಂದ ರೋಟರ್ ಅರ್ಧ ವೇಗದಲ್ಲೇ ಒದ್ದಾಡುವುದುಂಟು. ಇಂಥ ಕೆಲಸಕ್ಕೆ ಸ್ಲಿಪ್ ರಿಂಗ್ ಮೋಟಾರ್ ಅಥವಾ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಒಳ್ಳೆಯದು. ಸೆಸ್ಕ್‌ಗೆ ಅರ್ಜಿ ಹಾಕುವಾಗ ಕ್ರಷರ್ ಮೋಟಾರ್ ಒಂದನ್ನೇ ಲೆಕ್ಕಕ್ಕೆ ಹಿಡಿಯದೆ ಕನ್ವೇಯರ್, ಮ್ಯಾಗ್ನೆಟ್, ಧೂಳು ಹೀರುವ ಫ್ಯಾನ್ ಎಲ್ಲವನ್ನೂ ಸೇರಿಸಿ. ಫ್ಯಾನ್ ನೀವೆಣಿಸಿದ್ದಕ್ಕಿಂತ ಹೆಚ್ಚು ತಿನ್ನುತ್ತದೆ.

ತಳಪಾಯದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಿರುಗುವ ಯಂತ್ರದ ತೂಕಕ್ಕಿಂತ ಕಾಂಕ್ರೀಟ್ ತಳಪಾಯ ಕನಿಷ್ಠ ಮೂರು ಪಟ್ಟು ತೂಗಬೇಕು ಎಂಬುದು ರೂಢಿಯ ಲೆಕ್ಕ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿಗೆ ತಾಗಿದ ಜಾಗವಾಗಿದ್ದರೆ ನೆಲದ ತೇವ ವರ್ಷವಿಡೀ ಇರಬಹುದು. ಮಣ್ಣಿನ ಪರೀಕ್ಷೆ ಮಾಡಿಸದೆ ಗುಂಡಿ ತೋಡಬೇಡಿ.

ಜಾಲರಿ ಎಷ್ಟು ಮಿಲಿಮೀಟರ್ ಹಾಕ್ಲಿ? ಸಣ್ಣದಾದಷ್ಟೂ ಒಳ್ಳೇದು ಅಂತಾರೆ.

ಹಾಗೆ ಹೇಳುವವರು ಬಹುಶಃ ಜಾಲರಿ ಮಾರುವವರು. ಜಾಲರಿಯ ಕಂಡಿ ಎಷ್ಟಿರಬೇಕು ಎಂಬುದನ್ನು ನಿಮ್ಮ ಮಾಲಿನ ಜೋಡಣೆ ಹೇಳುತ್ತದೆ. ಮಾಲಿನಲ್ಲಿ ಬೇರೆ ಬೇರೆ ಲೋಹಗಳು ಎಷ್ಟು ದೊಡ್ಡ ತುಂಡುಗಳಾಗಿ ಒಂದಕ್ಕೊಂದು ಸೇರಿವೆ ಎಂದು ನೋಡಿ. ಬೀಡಿನ ಪಂಪ್ ಬಾಡಿಗೆ ಹಿತ್ತಾಳೆಯ ಬುಷ್ ಕೂರಿಸಿದ್ದರೆ ಅವು ಬೇರೆಯಾಗಲು ಬೀಡು ಅಂಗೈ ಅಗಲದ ತುಂಡಾದರೂ ಸಾಕು. ಸಣ್ಣ ಫ್ಯಾನ್ ಮೋಟಾರಿನ ತಾಮ್ರ ಬಿಡಬೇಕಾದರೆ ಬಹಳ ಕೆಳಗೆ ಇಳಿಯಬೇಕು.

ಹೊರಬರುವ ಮಾಲು ಕಂಡಿಗಿಂತ ಸಾಮಾನ್ಯವಾಗಿ ಸಣ್ಣದಿರುತ್ತದೆ ಎಂಬುದನ್ನೂ ಗಮನಿಸಿ; ತುಂಡು ವೇಗವಾಗಿ ಓರೆಯಾಗಿ ಬಂದು ತಾಗುವುದರಿಂದ ಅದಕ್ಕೆ ಸಿಗುವ ದಾರಿ ಕಂಡಿಯ ಅಳತೆಗಿಂತ ಕಿರಿದು. ಹಾಗಾಗಿ 40 ಮಿ.ಮೀ. ಮಾಲು ಬೇಕೆಂದು 40 ಮಿ.ಮೀ. ಜಾಲರಿ ತಂದವರಿಗೆ ಬೇಕಾದದ್ದಕ್ಕಿಂತ ನುಣ್ಣಗೆ ಬರುತ್ತದೆ. ಕಂಡಿ ಸಣ್ಣದಾದಂತೆ ಮಾಲು ಒಳಗೇ ಸುತ್ತುತ್ತ ಉಳಿಯುತ್ತದೆ, ಬಿಸಿಯಾಗುತ್ತದೆ, ಹ್ಯಾಮರನ್ನು ಉಜ್ಜುತ್ತದೆ. ದೊಡ್ಡ ಕಂಡಿಯಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಇಳಿಯಿರಿ. ಎಲ್ಲಿ ನಿಲ್ಲಬೇಕು ಎಂದು ತಿಳಿಯುವ ಪರೀಕ್ಷೆ ಈ ಪುಟದ ಕೊನೆಯ ಪ್ರಶ್ನೆಯಲ್ಲಿದೆ.

ಲೇತ್ ಟರ್ನಿಂಗ್ ಬಹಳ ಬರುತ್ತೆ, ಜಾಗನೇ ಸಾಲಲ್ಲ. ಇದಕ್ಕೆ ಕ್ರಷರ್ ಹಾಕಿದ್ರೆ ಲಾಭ ಇದ್ಯಾ?

ಮೈಸೂರಿನ ಸುತ್ತಲಿನ ಮಷಿನ್ ಶಾಪ್‌ಗಳ ನಡುವೆ ಇರುವವರಿಗೆ ಬಹುಶಃ ಎಲ್ಲಕ್ಕಿಂತ ಲೆಕ್ಕಕ್ಕೆ ಬರುವ ಬಳಕೆ ಇದೇ. ಉದ್ದನೆಯ ಸುರುಳಿ ಟರ್ನಿಂಗ್ ಒಂದಕ್ಕೊಂದು ಹೆಣೆದುಕೊಂಡು, ಲಾರಿ ತುಂಬಿದರೂ ತೂಕ ಬರುವುದಿಲ್ಲ. ರಿಂಗ್ ಮಿಲ್ ಅಥವಾ ಹ್ಯಾಮರ್ ಮಿಲ್‌ನಲ್ಲಿ ಅದನ್ನು ಬೆರಳ ತುದಿಯ ಗಾತ್ರದ ಚೂರು ಮಾಡಿದರೆ ಜಾಗ ಮೂರು ನಾಲ್ಕು ಪಟ್ಟು ಕಡಿಮೆಯಾಗುತ್ತದೆ, ಸಲಿಕೆಯಲ್ಲಿ ಎತ್ತಲು ಬರುತ್ತದೆ, ಹೆಣಿಗೆಯೊಳಗೆ ಸಿಕ್ಕಿಕೊಂಡಿದ್ದ ಕಟಿಂಗ್ ಆಯಿಲ್ ಸೋರಿ ಬರುತ್ತದೆ. ಆಮೇಲೆ ಸೆಂಟ್ರಿಫ್ಯೂಜ್ ಹಾಕಿದರೆ ಎಣ್ಣೆ ವಾಪಸು ಸಿಗುತ್ತದೆ. ಎಣ್ಣೆ ಕಡಿಮೆಯಾದ ಮಾಲಿಗೆ ಇಂಡಕ್ಷನ್ ಕುಲುಮೆಯವರು ತಕರಾರು ಮಾಡುವುದೂ ಕಡಿಮೆ. ಒದ್ದೆ ಚೂರನ್ನು ಕರಗಿದ ಲೋಹಕ್ಕೆ ಹಾಕಿದರೆ ನೀರು ಆವಿಯಾಗಿ ಲೋಹವನ್ನೇ ಸಿಡಿಸುತ್ತದೆಯಾದ್ದರಿಂದ ಅವರ ಭಯ ನ್ಯಾಯವಾದದ್ದು.

ಎಚ್ಚರ ಬೇಕಾದ ವಿಷಯಗಳಿವೆ. ಟರ್ನಿಂಗ್ ರಾಶಿಯಲ್ಲಿ ಮುರಿದ ಟೂಲ್ ಬಿಟ್, ರಾಡಿನ ತುದಿ, ಒಮ್ಮೊಮ್ಮೆ ಸ್ಪ್ಯಾನರ್ ಕೂಡ ಇರುತ್ತದೆ. ಇವನ್ನು ತಾನೇ ಹೊರಗೆಸೆಯುವ ಬಾಗಿಲಿರುವ ಯಂತ್ರವನ್ನೇ ಆರಿಸಿ. ಇಎನ್8, ಇಎನ್19 ದರ್ಜೆಯ ಉಕ್ಕು, ಸ್ಟೇನ್‌ಲೆಸ್ ಇವುಗಳ ಟರ್ನಿಂಗನ್ನು ಒಂದೇ ರಾಶಿ ಮಾಡಿ ಪುಡಿ ಮಾಡಿದರೆ ಆಮೇಲೆ ಯಾವ ದೇವರೂ ಬೇರ್ಪಡಿಸಲಾರ. ಮಷಿನ್ ಶಾಪ್‌ನಲ್ಲೇ ಡ್ರಮ್ ಬೇರೆ ಮಾಡಿಸಿ. ಬೀಡನ್ನು ಕೊರೆದಾಗ ಬರುವ ಚೂರು (ಬೋರಿಂಗ್) ಹುಟ್ಟುವಾಗಲೇ ಪುಡಿ, ಅದನ್ನು ಕ್ರಷರಿಗೆ ಹಾಕುವ ಅಗತ್ಯವೇ ಇಲ್ಲ. ಇನ್ನು, ಪುಡಿಯಾದ ಕಬ್ಬಿಣದ ಟರ್ನಿಂಗ್ ಎಣ್ಣೆ ಮತ್ತು ತೇವದ ಜೊತೆ ರಾಶಿಯಾಗಿ ಬಿದ್ದಿದ್ದರೆ ತಾನಾಗಿಯೇ ಕಾಯುತ್ತದೆ. ಸರಕು ಸಾಗಣೆಯ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಯುಎನ್ 2793 ಸಂಖ್ಯೆಯಡಿ ಇದನ್ನು ತಾನೇ ಬಿಸಿಯೇರುವ ವಸ್ತು ಎಂದೇ ಸೇರಿಸಲಾಗಿದೆ. ಎತ್ತರದ ರಾಶಿ ಹಾಕಬೇಡಿ, ಮಳೆಗೆ ಬಿಡಬೇಡಿ, ರಾಶಿಯೊಳಗೆ ಕಂಬಿ ಚುಚ್ಚಿ ತೆಗೆದು ಬಿಸಿಯಿದೆಯೇ ಎಂದು ನೋಡುತ್ತಿರಿ.

ಸುಟ್ಟೋದ ಪಂಪ್‌ಸೆಟ್ ಮೋಟಾರ್ ಇಡಿಯಾಗಿ ಹಾಕ್ಬೋದಾ?

ಮಂಡ್ಯ ಜಿಲ್ಲೆಯಿಂದ ಈ ಪ್ರಶ್ನೆ ಬಾರದ ತಿಂಗಳಿಲ್ಲ. ಮಾನೋಬ್ಲಾಕ್ ಪಂಪಿನ ಬೀಡಿನ ಬಾಡಿ ಪೆಟ್ಟಿಗೆ ಚೆನ್ನಾಗಿ ಒಡೆಯುತ್ತದೆ. ಮೋಟಾರಿನ ತಿರುಗದ ಭಾಗವಾದ ಸ್ಟೇಟರ್ ಹಾಗಲ್ಲ: ಪದರ ಪದರವಾದ ಉಕ್ಕಿನ ತಗಡುಗಳ ಸಂದಿಗೆ ತಾಮ್ರವನ್ನು ವಾರ್ನಿಷ್ ಹಾಕಿ ಬಿಗಿದಿರುತ್ತಾರೆ, ನಡುವಿನ ಶಾಫ್ಟ್ ಒಡೆಯುವ ಜಾತಿಯದ್ದೇ ಅಲ್ಲ. ದೊಡ್ಡ ಘಟಕಗಳು ಮೋಟಾರುಗಳನ್ನೇ ಗುಂಪಾಗಿ ಹಾಕಿ ತಾಮ್ರ ಬಿಡಿಸುತ್ತವೆ ನಿಜ. ಅದಕ್ಕೆ ತಕ್ಕ ರೋಟರ್ ತೂಕ ಮತ್ತು ಮಾಲಿನ ಪ್ರಮಾಣ ಅವರಲ್ಲಿರುತ್ತದೆ. ದಿನಕ್ಕೆ ಹತ್ತಿಪ್ಪತ್ತು ಮೋಟಾರ್ ಬರುವ ಅಂಗಳದಲ್ಲಿ ವೈಂಡಿಂಗ್‌ನ ತಲೆ ಕತ್ತರಿಸಿ ಕೈಯಲ್ಲೇ ಎಳೆದು ತೆಗೆದ ತಾಮ್ರ ಹೆಚ್ಚು ಶುದ್ಧ, ಹೆಚ್ಚು ದರದ್ದು. ಶಾಫ್ಟ್ ಮತ್ತು ವೈಂಡಿಂಗ್ ತೆಗೆದ ಬಾಡಿಯನ್ನು ಮಾತ್ರ ಕ್ರಷರಿಗೆ ಹಾಕಿ. ವಾರ್ನಿಷ್ ಬಿಡಿಸಲು ಬಯಲಲ್ಲಿ ಸುಡುವುದು ಕಾನೂನಿಗೂ ವಿರುದ್ಧ, ತಾಮ್ರದ ಬಣ್ಣ ಕೆಟ್ಟು ದರವೂ ಇಳಿಯುತ್ತದೆ.

## ನಡೆಸುವಾಗ

ಹ್ಯಾಮರ್ ಬೇಗ ಸವೀತಿದೆ. ಮ್ಯಾಂಗನೀಸ್ ಹ್ಯಾಮರೇ ಹಾಕಿದೀವಿ, ಆದ್ರೂ ಯಾಕೆ?

ಮ್ಯಾಂಗನೀಸ್ ಉಕ್ಕನ್ನು 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ರೂಪಿಸಿದರು. ಶೇ 11ರಿಂದ 14ರಷ್ಟು ಮ್ಯಾಂಗನೀಸ್ ಇರುವ ಈ ಉಕ್ಕಿನ ಗುಣವೆಂದರೆ ಹೊಸದರಲ್ಲಿ ಅದು ಮೆದು, ಸುಮಾರು 200 ಬ್ರಿನೆಲ್ (ಗಡಸುತನದ ಅಳತೆ). ಭಾರಿ ಪೆಟ್ಟು ತಿನ್ನುತ್ತ ತಿನ್ನುತ್ತ ಮೇಲ್ಮೈ 500 ಬ್ರಿನೆಲ್‌ವರೆಗೆ ಗಟ್ಟಿಯಾಗುತ್ತದೆ, ಒಳಗೆ ಮಾತ್ರ ಮೆತ್ತಗೆ ಉಳಿದು ಸಿಡಿಯದೆ ನಿಲ್ಲುತ್ತದೆ. ಗಟ್ಟಿಯಾಗಲು ಪೆಟ್ಟು ಬೇಕು ಎಂಬುದೇ ಇಲ್ಲಿನ ತೊಡಕು. ನೀವು ಹಾಕುವುದು ಹಗುರವಾದ ಅಲ್ಯೂಮಿನಿಯಂ ಅಥವಾ ಟರ್ನಿಂಗ್ ಆಗಿದ್ದರೆ ಪೆಟ್ಟಿಗಿಂತ ಉಜ್ಜಾಟ ಹೆಚ್ಚು. ಹ್ಯಾಮರ್ ಗಟ್ಟಿಯಾಗುವ ಮೊದಲೇ ಸವೆದುಹೋಗುತ್ತದೆ. ಅಂಥ ಮಾಲಿಗೆ ಕ್ರೋಮ್-ಮಾಲಿಬ್ಡಿನಂ ಮಿಶ್ರಲೋಹದ, ಕಾಯಿಸಿ ತಣಿಸಿ ಹದಗೊಳಿಸಿದ ಹ್ಯಾಮರ್ ವಾಸಿ.

ಸವೆದ ಹ್ಯಾಮರಿಗೆ ವೆಲ್ಡಿಂಗ್ ತುಂಬಿಸುವಾಗ ಇನ್ನೊಂದು ಎಚ್ಚರ: ಮ್ಯಾಂಗನೀಸ್ ಉಕ್ಕನ್ನು ಮುಂಚೆ ಕಾಯಿಸಬಾರದು, ಎರಡು ಸುತ್ತಿನ ವೆಲ್ಡಿಂಗ್ ನಡುವೆ 260 ಡಿಗ್ರಿ ಸೆಲ್ಸಿಯಸ್ ಮೀರದಂತೆ ಆರಲು ಬಿಡಬೇಕು. ಮೀರಿದರೆ ಲೋಹ ಒಳಗೇ ಭಿದುರವಾಗುತ್ತದೆ, ಹೊರಗೆ ಕಾಣುವುದಿಲ್ಲ. ವೆಲ್ಡಿಂಗ್ ಹುಡುಗರಿಗೆ ಆತುರ ಜಾಸ್ತಿ; ತಾಪ ತೋರಿಸುವ ಸೀಮೆಸುಣ್ಣ ಕೊಟ್ಟು ಕೂರಿಸಿ.

ಹ್ಯಾಮರ್ ಬದಲಾಯಿಸಿದ ಮೇಲೆ ಮೆಷಿನ್ ನಡುಗ್ತಿದೆ.

ಬಹುಪಾಲು ಸಲ ಕಾರಣ ತೂಕದ ವ್ಯತ್ಯಾಸ. ಒಂದು ಲೆಕ್ಕ ನೋಡಿ: ನಿಮಿಷಕ್ಕೆ 900 ಸುತ್ತು ತಿರುಗುವ ರೋಟರಿನಲ್ಲಿ, ಕೇಂದ್ರದಿಂದ 45 ಸೆಂ.ಮೀ. ದೂರದಲ್ಲಿ, ಎದುರುಬದುರು ಹ್ಯಾಮರ್‌ಗಳ ನಡುವೆ ಅರ್ಧ ಕಿಲೋ ವ್ಯತ್ಯಾಸ ಇದ್ದರೆ ಬೇರಿಂಗನ್ನು ಜಗ್ಗುವ ಬಲ ಸುಮಾರು 2000 ನ್ಯೂಟನ್, ಅಂದರೆ 200 ಕಿಲೋ ಭಾರದಷ್ಟು. ಅದೂ ಸೆಕೆಂಡಿಗೆ 15 ಸಲ ದಿಕ್ಕು ಬದಲಿಸುತ್ತ. ಒಂದೇ ಎರಕದ ಹ್ಯಾಮರ್‌ಗಳೂ ಇಷ್ಟು ವ್ಯತ್ಯಾಸ ತೋರಿಸುವುದುಂಟು. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ, ಪ್ರತಿಯೊಂದರ ಮೇಲೂ ಬಣ್ಣದಲ್ಲಿ ತೂಕ ಬರೆದು, ಎದುರುಬದುರು ಸಾಲುಗಳ ಒಟ್ಟು ತೂಕ ಸರಿಹೋಗುವಂತೆ ಜೋಡಿಸಿ. ಮುರಿದದ್ದು ಒಂದೇ ಆದರೂ ಬದಲಿಸುವುದು ಜೋಡಿಯಾಗಿ. ಹಳೆಯ ಹ್ಯಾಮರಿನ ಒಂದು ಮೂಲೆ ಮಾತ್ರ ಗುಂಡಗಾಗಿದ್ದರೆ ಅದನ್ನು ತಿರುಗಿಸಿ ಹಾಕಿ ಇನ್ನೊಂದು ಮೂಲೆ ಬಳಸಬಹುದು. ಆಗಲೂ ಇಡೀ ಸಾಲನ್ನು ಒಟ್ಟಿಗೇ ತಿರುಗಿಸಬೇಕು.

ಹ್ಯಾಮರ್ ಬದಲಿಸೋವಾಗ ಮೇನ್ ಆಫ್ ಮಾಡಿದ್ರೆ ಸಾಕಲ್ವಾ?

ಸಾಲದು. ಮೇನ್ ಆಫ್ ಆದ ಮೇಲೂ ರೋಟರ್ ನಿಮಿಷಗಟ್ಟಲೆ ತಿರುಗುತ್ತಿರುತ್ತದೆ. ನಿಂತ ಮೇಲೂ ಒಂದು ಕಡೆಯ ಹ್ಯಾಮರ್ ತೆಗೆದ ಕ್ಷಣ ಇನ್ನೊಂದು ಕಡೆಯ ಭಾರಕ್ಕೆ ತಾನೇ ಹೊರಳುತ್ತದೆ. ಕೈ ಹೋಗುವುದು ಹೆಚ್ಚಾಗಿ ಆ ಗಳಿಗೆಯಲ್ಲಿ. ಮೇನಿಗೆ ಬೀಗ ಹಾಕಿ, ಬೀಗದ ಕೈ ಒಳಗೆ ಕೆಲಸ ಮಾಡುವವನ ಜೇಬಿನಲ್ಲೇ ಇರಲಿ, ರೋಟರಿಗೆ ತಯಾರಕರು ಕೊಟ್ಟ ಲಾಕಿಂಗ್ ಪಿನ್ ಹಾಕಿದ ಮೇಲೆ ಬಾಗಿಲು ತೆಗೆಯಿರಿ.

ಒಳಗೆ ಹಾಕ್ಲೇಬಾರದ ವಸ್ತು ಯಾವ್ಯಾವು?

ಮುಚ್ಚಿದ ಪಾತ್ರೆಗಳೆಲ್ಲ: ಗ್ಯಾಸ್ ಸಿಲಿಂಡರ್, ಅಗ್ನಿಶಾಮಕ ಸಿಲಿಂಡರ್, ಪೆಟ್ರೋಲ್ ಟ್ಯಾಂಕ್, ಫ್ರಿಜ್ ಕಂಪ್ರೆಸರ್, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್. ಲಿಥಿಯಂ ಬ್ಯಾಟರಿಯಂತೂ ಈಗಿನ ದೊಡ್ಡ ಕಂಟಕ. ಹಳೆಯ ಡ್ರಿಲ್ಲಿಂಗ್ ಮಷಿನ್, ಆಟಿಕೆ, ಇ-ಸ್ಕೂಟರಿನ ಭಾಗಗಳ ನಡುವೆ ಅಡಗಿ ಬಂದು ಪೆಟ್ಟು ಬಿದ್ದೊಡನೆ ಹೊತ್ತಿಕೊಳ್ಳುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್‌ಗಳಲ್ಲಿ ವಿಷಕಾರಿ ಪಿಸಿಬಿ ಎಣ್ಣೆ ಇರಬಹುದು, ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು. ಯಂತ್ರದ ಬಾಯಲ್ಲಿ ನಿಂತು ಇವನ್ನು ಹುಡುಕಲು ಆಗುವುದಿಲ್ಲ, ಮಾಲು ಗೇಟಿನೊಳಗೆ ಬರುವಾಗಲೇ ಹರಡಿ ಆರಿಸಬೇಕು. ಸಿಲಿಂಡರಿನ ವಾಲ್ವ್ ತೆಗೆದಿದ್ದೇವೆ ಎಂದು ತಂದವರು ಹೇಳಿದರೂ ಎರಡು ತುಂಡಾಗಿ ಕತ್ತರಿಸಿ ತರದ ಹೊರತು ತೆಗೆದುಕೊಳ್ಳಬೇಡಿ.

ಅಲ್ಯೂಮಿನಿಯಂ ಒಡೆಯೋವಾಗ ಧೂಳು ಬರುತ್ತೆ. ನೀರು ಚಿಮುಕಿಸಿದ್ರೆ ಆಯ್ತಾ?

ಕಲ್ಲಿನ ಧೂಳಿಗೆ ಇದು ಸರಿ, ಇಲ್ಲಿ ಅಪಾಯ. ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂನ ನುಣ್ಣನೆಯ ಪುಡಿ ಗಾಳಿಯಲ್ಲಿ ಹರಡಿ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಕ್ರಷರಿನೊಳಗೆ ಕಿಡಿಗೇನೂ ಬರವಿಲ್ಲ. ಒದ್ದೆಯಾದ ಪುಡಿ ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಬಿಡುತ್ತದೆ. ಧೂಳನ್ನು ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಸಾಧನ) ಮತ್ತು ಬ್ಯಾಗ್ ಫಿಲ್ಟರ್‌ಗೆ ಎಳೆಯಬೇಕು, ಫಿಲ್ಟರ್ ಕಟ್ಟಡದ ಹೊರಗಿರಬೇಕು, ಅದಕ್ಕೆ ಸ್ಫೋಟದ ಒತ್ತಡ ಬಿಡುವ ಬಾಗಿಲಿರಬೇಕು, ಪೈಪುಗಳಿಗೆಲ್ಲ ಅರ್ಥಿಂಗ್ ಇರಬೇಕು. ತೊಲೆಗಳ ಮೇಲೆ ಕೂತ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಬೆಂಕಿ ಹತ್ತಿದರೆ ನೀರು ಹಾಕದೆ ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ ಬಳಸಿ.

ಸದ್ದಿಗೆ ಅಕ್ಕಪಕ್ಕದವ್ರು ಕಂಪ್ಲೇಂಟ್ ಕೊಡ್ತಿದಾರೆ. ಯಾವ ಪರ್ಮಿಷನ್ ಬೇಕು?

ಯಂತ್ರ ತರುವ ಮೊದಲೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನಾ ಸಮ್ಮತಿ, ಓಡಿಸುವ ಮೊದಲು ಕಾರ್ಯಾಚರಣೆ ಸಮ್ಮತಿ ಪಡೆಯಬೇಕು. ಇ-ತ್ಯಾಜ್ಯ ಮುಟ್ಟುವುದಾದರೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ನಿಯಮಗಳಡಿ ನೋಂದಣಿ ಬೇಕು. ಹಳೆಯ ವಾಹನ ಕಳಚುವುದಾದರೆ 2021ರ ವಾಹನ ಗುಜರಿ ಕೇಂದ್ರಗಳ ನಿಯಮಗಳು ಅನ್ವಯಿಸುತ್ತವೆ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಕೈಗಾರಿಕಾ ವಲಯಕ್ಕೆ ಹಗಲು 75, ರಾತ್ರಿ 70 ಡೆಸಿಬೆಲ್. ವಸತಿ ವಲಯಕ್ಕೆ ಹಗಲು 55, ರಾತ್ರಿ 45 ಮಾತ್ರ. ಬಡಾವಣೆಯ ಅಂಚಿನ ಶೆಡ್ಡಿನಲ್ಲಿ ಹ್ಯಾಮರ್ ಮಿಲ್ ಹಾಕಿ 55ಕ್ಕೆ ಇಳಿಸುವುದು ಬಹಳ ದುಬಾರಿಯ ಕೆಲಸ. ಜಾಗ ಬದಲಿಸುವುದೇ ಮೇಲು. ಒಳಗಿನ ಕೆಲಸಗಾರರಿಗೆ ಕಿವಿರಕ್ಷೆ ಕಡ್ಡಾಯ ಮಾಡಿ.

## ಆಳಕ್ಕೆ ಇಳಿದವರಿಗೆ

ರೋಟರ್ ಸ್ಪೀಡ್ ಕಮ್ಮಿ ಮಾಡಿದ್ರೆ ಏನಾಗುತ್ತೆ? ಆರ್‌ಪಿಎಂ ಎಷ್ಟಿರ್ಬೇಕು?

ಆರ್‌ಪಿಎಂಗಿಂತ ಹ್ಯಾಮರ್ ತುದಿಯ ವೇಗ ನೋಡಬೇಕು. ಹ್ಯಾಮರ್ ಚಾಚಿದಾಗಿನ ರೋಟರ್ ವ್ಯಾಸವನ್ನು 3.14ರಿಂದ, ಆಮೇಲೆ ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂದು ಸಿಗುತ್ತದೆ. 1 ಮೀಟರ್ ವ್ಯಾಸ, 900 ಆರ್‌ಪಿಎಂ ಇದ್ದರೆ ಸುಮಾರು 47 ಮೀಟರ್. ಲೋಹದ ಕೆಲಸದ ಹ್ಯಾಮರ್ ಮಿಲ್‌ಗಳು ಸಾಮಾನ್ಯವಾಗಿ 30ರಿಂದ 60ರ ನಡುವೆ ಓಡುತ್ತವೆ. ಸೆಕೆಂಡಿಗೆ 47 ಮೀಟರ್ ವೇಗದಲ್ಲಿ 10 ಕಿಲೋ ಹ್ಯಾಮರ್ ಹೊಡೆಯುವ ಪೆಟ್ಟಿನ ಶಕ್ತಿ ಸುಮಾರು 11 ಕಿಲೋಜೌಲ್: ಅದೇ ಹ್ಯಾಮರನ್ನು 113 ಮೀಟರ್ ಎತ್ತರದಿಂದ, ಅಂದರೆ ಕೆಆರ್‌ಎಸ್ ಜಲಾಶಯ ತುಂಬಿದಾಗಿನ 124.80 ಅಡಿಯ ಮೂರರಷ್ಟು ಮೇಲಿನಿಂದ, ಕೈಬಿಟ್ಟಂತೆ.

ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ 900ರಿಂದ 700 ಆರ್‌ಪಿಎಂಗೆ ಇಳಿಸಿದರೆ ಪೆಟ್ಟು ಶೇ 40ರಷ್ಟು ಇಳಿಯುತ್ತದೆ. ಬೀಡಿಗೆ, ಎರಕದ ಅಲ್ಯೂಮಿನಿಯಂಗೆ ಇಷ್ಟು ಸಾಕಾಗಬಹುದು, ಧೂಳೂ ಕಡಿಮೆ. ತಗಡಿಗೆ ಸಾಲದು, ಹರಿಯುವ ಬದಲು ಬಾಗುತ್ತದೆ. ದಿನಕ್ಕೊಂದು ಮಾಲು ಬರುವ ಅಂಗಳಕ್ಕೆ ವಿಎಫ್‌ಡಿಗೆ ಹಾಕಿದ ದುಡ್ಡು ವಾಪಸು ಹುಟ್ಟುವುದು ಇಲ್ಲೇ.

ಮ್ಯಾಗ್ನೆಟ್ ಆದ ಮೇಲೂ ಉಕ್ಕಿನಲ್ಲಿ ತಾಮ್ರ ಇದೆ ಅಂತ ಫೌಂಡ್ರಿಯವ್ರು ವಾಪಸ್ ಕಳಿಸ್ತಾರೆ.

ಸಣ್ಣ ಮೋಟಾರುಗಳ ಆರ್ಮೇಚರ್‌ಗಳೇ ಕಾರಣ. ಉಕ್ಕಿನ ತಿರುಳಿಗೆ ತಾಮ್ರ ಸುತ್ತಿದ ಈ ಗಟ್ಟಿ ಉಂಡೆಗಳು ಪೆಟ್ಟಿಗೆ ಇನ್ನಷ್ಟು ಬಿಗಿದುಕೊಂಡು ಇಡಿಯಾಗಿ ಮ್ಯಾಗ್ನೆಟ್‌ಗೆ ಅಂಟುತ್ತವೆ. ಕುಲುಮೆಯಲ್ಲಿ ಸಿಲಿಕಾನ್, ಮ್ಯಾಂಗನೀಸ್ ಸುಟ್ಟು ಕಿಟ್ಟವಾಗಿ ಹೋದಂತೆ ತಾಮ್ರ ಹೋಗುವುದಿಲ್ಲ. ಒಮ್ಮೆ ಕರಗಿ ಸೇರಿದರೆ ಉಕ್ಕಿನಲ್ಲೇ ಉಳಿದು ಬಿಸಿಯಲ್ಲಿ ಲಟ್ಟಿಸುವಾಗ ಬಿರುಕು ತರುತ್ತದೆ. ಕಟ್ಟಡದ ಕಂಬಿಗೆ ಶೇ 0.4ರವರೆಗೆ ಸಹಿಸಬಹುದು ಎಂಬುದು ಸಾಮಾನ್ಯ ಲೆಕ್ಕ, ಅಂದರೆ ಟನ್ನಿಗೆ 4 ಕಿಲೋ. ತಗಡಿನ ಉಕ್ಕಿಗೆ ಅದರ ಕಾಲು ಭಾಗವೂ ಕಷ್ಟ. ಇದಕ್ಕೆ ಜಾಲರಿ ಸಣ್ಣ ಮಾಡುವುದು ಪರಿಹಾರವಲ್ಲ. ಮ್ಯಾಗ್ನೆಟ್ ಆದ ಮೇಲಿನ ಬೆಲ್ಟ್ ಪಕ್ಕದಲ್ಲಿ ಇಬ್ಬರನ್ನು ನಿಲ್ಲಿಸಿ ಆರ್ಮೇಚರ್ ಆರಿಸುವುದು, ಆರಿಸಿದ್ದನ್ನು ಬೇರೆಯಾಗಿ ಮಾರುವುದು ಲಾಭದ ಕೆಲಸ. ಬೆಲ್ಟ್ ನಿಧಾನವಾಗಿರಲಿ, ಮಾಲು ಒಂದೇ ಪದರವಿರಲಿ.

ಎಡ್ಡಿ ಕರೆಂಟ್ ಸೆಪರೇಟರ್ ಹಾಕಿದೀವಿ, ಆದ್ರೂ ಅಲ್ಯೂಮಿನಿಯಂ ಕಸದ ಜೊತೆ ಹೋಗ್ತಿದೆ.

ಕ್ರಷರ್ ಅತಿಯಾಗಿ ಪುಡಿ ಮಾಡುತ್ತಿದೆಯೇ ನೋಡಿ. ಎಡ್ಡಿ ಕರೆಂಟ್ ಯಂತ್ರ ತಿರುಗುವ ಮ್ಯಾಗ್ನೆಟ್‌ಗಳಿಂದ ಉಕ್ಕಲ್ಲದ ಲೋಹದ ತುಂಡನ್ನು ದೂರ ಎಸೆದು ಬೇರ್ಪಡಿಸುತ್ತದೆ; ಆ ಎಸೆಯುವ ಬಲ ತುಂಡು ಸಣ್ಣದಾದಂತೆ ಬಹಳ ಬೇಗ ಕುಗ್ಗುತ್ತದೆ. ಕೆಲವು ಮಿಲಿಮೀಟರಿನ ಚೂರು ಕಸದೊಂದಿಗೇ ಬೀಳುತ್ತದೆ. ಅಲ್ಯೂಮಿನಿಯಂ ಹಗುರವೂ ಹೌದು, ವಿದ್ಯುತ್ ವಾಹಕವೂ ಹೌದು, ಹಾಗಾಗಿ ಅದು ದೂರ ಹಾರುತ್ತದೆ. ತಾಮ್ರ ಅದರ ಅರ್ಧದಷ್ಟು. ಸೀಸ ಮತ್ತು ಸ್ಟೇನ್‌ಲೆಸ್ ಹಾರುವುದೇ ಕಡಿಮೆ. ಮೊದಲು ಜರಡಿ ಹಿಡಿದು ಗಾತ್ರವಾರು ಎರಡು ಮೂರು ಪಾಲು ಮಾಡಿ, ಪ್ರತಿ ಪಾಲನ್ನೂ ಬೇರೆಯಾಗಿ ಓಡಿಸಿ. ಮ್ಯಾಗ್ನೆಟ್ ತಪ್ಪಿಸಿಕೊಂಡ ಕಬ್ಬಿಣದ ಚೂರು ಎಡ್ಡಿ ಕರೆಂಟ್ ರೋಟರಿನ ಮೇಲೆ ಬಿಸಿಯಾಗಿ ಬೆಲ್ಟನ್ನೇ ಸುಡುತ್ತದೆಯಾದ್ದರಿಂದ ಅದರ ಮುಂದೆ ಇನ್ನೊಂದು ಮ್ಯಾಗ್ನೆಟ್ ಇರಲಿ.

ದ್ರವ ಸಾರಜನಕದಲ್ಲಿ ತಣ್ಣಗೆ ಮಾಡಿ ಒಡೆಯೋದು ನಮಗೂ ಆಗುತ್ತಾ?

ದ್ರವ ಸಾರಜನಕ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ. ಆ ಚಳಿಯಲ್ಲಿ ಸಾಮಾನ್ಯ ಉಕ್ಕು, ರಬ್ಬರ್ ಗಾಜಿನಂತೆ ಒಡೆಯುತ್ತವೆ, ತಾಮ್ರ ಮತ್ತು ಅಲ್ಯೂಮಿನಿಯಂ ಮೆದುವಾಗಿಯೇ ಉಳಿಯುತ್ತವೆ. ತತ್ವ ಚೆಂದ, ಸಾರಜನಕದ ಖರ್ಚು ಸಾಧಾರಣ ಗುಜರಿಗೆ ಹುಟ್ಟುವುದಿಲ್ಲ.

ನಮ್ಮ ಕ್ರಷರ್ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಲ್ಯಾಬ್ ಇಲ್ದೆ ಹೇಗೆ ನೋಡೋದು?

ತಕ್ಕಡಿ, ಟಾರ್ಪಾಲು, ಕೈ ಮ್ಯಾಗ್ನೆಟ್, 5 ಮಿ.ಮೀ. ಜರಡಿ ಇಷ್ಟಿದ್ದರೆ ಸಾಕು. ಯಂತ್ರ ಹದವಾಗಿ ಓಡುತ್ತಿರುವಾಗ ಹೊರಬರುವ ಬೆಲ್ಟನ್ನು ನಿಲ್ಲಿಸಿ, ಬೀಗ ಹಾಕಿ, ಬೆಲ್ಟಿನ ಪೂರ್ತಿ ಅಗಲದ ಮಾಲನ್ನು ತಳದ ಧೂಳು ಸಮೇತ ಬಳಿದುಕೊಳ್ಳಿ. ಮೇಲಿನ ದಪ್ಪ ತುಂಡುಗಳನ್ನಷ್ಟೇ ಎತ್ತಿಕೊಂಡರೆ ಫಲಿತಾಂಶ ಸುಳ್ಳಾಗುತ್ತದೆ. 10 ಕಿಲೋ ತೂಗಿ, ಜರಡಿ ಹಿಡಿದು ಪುಡಿ ಬೇರೆ ಮಾಡಿ. ಉಳಿದದ್ದನ್ನು ಟಾರ್ಪಾಲಿನ ಮೇಲೆ ಹರಡಿ ಒಂದೊಂದೇ ತುಂಡನ್ನು ತಿರುಗಿಸಿ ನೋಡುತ್ತ, ಒಂದೇ ಲೋಹದ್ದು ಒಂದು ಕಡೆ, ಇನ್ನೂ ಕಚ್ಚಿಕೊಂಡಿರುವುದು ಇನ್ನೊಂದು ಕಡೆ ಗುಡ್ಡೆ ಹಾಕಿ. ಮಡಚಿದ ತಗಡಿನ ಒಳಗೆ ಅಲ್ಯೂಮಿನಿಯಂ ಅಡಗಿರುತ್ತದೆ, ಇಕ್ಕುಳದಿಂದ ಬಿಚ್ಚಿ ನೋಡಿ. ಮೂರನ್ನೂ ತೂಗಿ ಬರೆದಿಡಿ.

ಇದನ್ನೇ ಮೂರು ಜಾಲರಿಗಳಲ್ಲಿ ಮಾಡಿದಿರಿ ಎನ್ನಿ. ಉದಾಹರಣೆಗೆ 60 ಮಿ.ಮೀ. ಜಾಲರಿಯಲ್ಲಿ ಕಚ್ಚಿಕೊಂಡದ್ದು 1.5 ಕಿಲೋ, ಪುಡಿ 300 ಗ್ರಾಂ. 40ರಲ್ಲಿ ಕಚ್ಚಿಕೊಂಡದ್ದು 500 ಗ್ರಾಂ, ಪುಡಿ 600 ಗ್ರಾಂ. 25ರಲ್ಲಿ ಕಚ್ಚಿಕೊಂಡದ್ದು 400 ಗ್ರಾಂ, ಪುಡಿ 1.6 ಕಿಲೋ. 60ರಿಂದ 40ಕ್ಕೆ ಇಳಿದಾಗ ಒಂದು ಕಿಲೋ ಮಾಲು ಬಿಡಿಯಾಯಿತು, 40ರಿಂದ 25ಕ್ಕೆ ಇಳಿದಾಗ ಬಿಡಿಯಾದದ್ದು ಬರೀ 100 ಗ್ರಾಂ, ಪುಡಿಯಾಗಿ ಕೈತಪ್ಪಿದ್ದು ಇನ್ನೊಂದು ಕಿಲೋ. ಈ ಮಾಲಿಗೆ 40ರಲ್ಲೇ ನಿಲ್ಲಿ. ಹ್ಯಾಮರ್ ಸವೆದಂತೆ ಹ್ಯಾಮರಿಗೂ ಜಾಲರಿಗೂ ನಡುವಿನ ಅಂತರ ಹೆಚ್ಚಿ ಈ ಅಂಕಿಗಳು ಬದಲಾಗುತ್ತವೆ. ಹೊಸ ಹ್ಯಾಮರ್ ಹಾಕಿದ ದಿನ ಒಮ್ಮೆ, ತಿರುಗಿಸಿ ಹಾಕುವ ಮುಂಚೆ ಇನ್ನೊಮ್ಮೆ ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ಮಾದರಿಯನ್ನು ಬಿಸಿಲಲ್ಲಿ ಒಣಗಿಸಿದ ಮೇಲೆ ತೂಗಿ, ಇಲ್ಲದಿದ್ದರೆ ಪುಡಿಯಲ್ಲಿ ಹಿಡಿದ ನೀರೂ ಲೋಹದ ಲೆಕ್ಕಕ್ಕೆ ಸೇರುತ್ತದೆ.